ಕೈತುಂಬುವ ಕಂಚು

ನಾಣ್ಯ ಸಂಗ್ರಹಿಸುವವರ ಲೋಕದಲ್ಲೂ ಪಂಕ್ತಿಭೇದ ಇದೆ. ಚಿನ್ನದ ನಾಣ್ಯ ಇಟ್ಟುಕೊಂಡವನಿಗೆ ಮಣೆ, ಬೆಳ್ಳಿಯವನಿಗೆ ಅವನ ಪಕ್ಕದ ಎಲೆ. ತಾಮ್ರ, ಕಂಚು ಎಂದವನು ಜಗಲಿಯ ತುದಿಯಲ್ಲಿ ಕೂತುಕೊಳ್ಳಬೇಕು. ಗ್ರೀಕ್ ನಾಣ್ಯಗಳ ವಿಷಯದಲ್ಲಂತೂ ಇದು ಇನ್ನೂ ಹೆಚ್ಚು. ಅಥೆನ್ಸಿನ ಗೂಬೆ, ಸಿರಾಕ್ಯೂಸಿನ ನಾಲ್ಕು ಕುದುರೆಯ ರಥ, ಅಲೆಕ್ಸಾಂಡರನ ಹೆಸರಿನ ಬೆಳ್ಳಿ – ಇವುಗಳಿಗೆ ನುಣುಪು ಕಾಗದದ ದೊಡ್ಡ ದೊಡ್ಡ ಚಿತ್ರಪುಸ್ತಕಗಳಿವೆ. ಪೇಟೆಯಲ್ಲಿ ಮೀನು, ಈರುಳ್ಳಿ ಕೊಂಡ ಕಂಚಿನ ಕಾಸುಗಳನ್ನು ಬಹಳ ಕಾಲ ಯಾರೂ ಮಾತನಾಡಿಸಲಿಲ್ಲ. ಆ ಕಂಚಿನಲ್ಲಿಯೇ ಒಂದು ಬಗೆ ಮಾತ್ರ ತನ್ನ ಗಾತ್ರದ ಬಲದಿಂದ ಒಳಗಿನ ಪಂಕ್ತಿಗೆ ಬಂದು ಕೂತುಬಿಟ್ಟಿತು. ಅದು ಈಜಿಪ್ಟನ್ನು ಆಳಿದ ಗ್ರೀಕ್ ಅರಸರು, ಟಾಲೆಮಿಗಳು, ಹೊರಡಿಸಿದ ದೊಡ್ಡ ನಾಣ್ಯ.

ದೊಡ್ಡದು ಎಂದರೆ ಎಷ್ಟು ದೊಡ್ಡದು? ನಮ್ಮ ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರ್ ಅಗಲ, ತೂಕ ಎಂಟು ಗ್ರಾಮಿಗೂ ಕಡಿಮೆ. ಟಾಲೆಮಿಗಳ ಸಾಮಾನ್ಯ ದೊಡ್ಡ ಕಂಚು 40 ಮಿಲಿಮೀಟರಿಗೂ ಅಗಲ, ತೂಕ ಸುಮಾರು 70 ಗ್ರಾಂ. ಅತಿ ದೊಡ್ಡದು ನೂರು ಗ್ರಾಮಿನ ಹತ್ತಿರಕ್ಕೆ ಹೋಗುತ್ತದೆ. ನಮ್ಮ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಆರು ತೊಲದಿಂದ ಎಂಟು ತೊಲ. ಟಿಪ್ಪುವಿನ ಆನೆಯ ಜೋಡಿ ಪೈಸೆಯನ್ನು ಕೈಯಲ್ಲಿ ಹಿಡಿದವರಿಗೆ ಅದೇ ಭಾರವೆನಿಸುತ್ತದೆ. ಅದರ ಮೂರು ಪಟ್ಟು ಇದು. ಜೇಬಿನಲ್ಲಿ ನಾಲ್ಕು ಹಾಕಿಕೊಂಡರೆ ಅಂಗಿ ಒಂದು ಕಡೆ ಜಗ್ಗುವುದು ಖಂಡಿತ.

ಒಂದು ಬದಿಯಲ್ಲಿ ಗುಂಗುರು ಗಡ್ಡದ ದೇವರ ತಲೆ. ಅವನ ಕಿವಿಯ ಬಳಿ ಟಗರಿನ ಕೊಂಬು ಸುತ್ತಿಕೊಂಡಿದೆ. ಇವನು ಜಿಯಸ್ ಅಮ್ಮೋನ್. ಗ್ರೀಕರ ಜಿಯಸ್ ದೇವರನ್ನೂ ಈಜಿಪ್ಟಿನವರ ಅಮೂನ್ ದೇವರನ್ನೂ ಕೂಡಿಸಿ ಮಾಡಿದ ಮೂರ್ತಿ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಮರಳುಗಾಡು ದಾಟಿ ಸಿವಾ ಓಯಸಿಸ್ಸಿಗೆ ಹೋಗಿ ಪ್ರಶ್ನೆ ಕೇಳಿದ್ದು ಈ ದೇವರನ್ನೇ. ಇನ್ನೊಂದು ಬದಿಯಲ್ಲಿ ವಜ್ರಾಯುಧದ ಮೇಲೆ ನಿಂತ ಗರುಡ, ಕೆಲವದರಲ್ಲಿ ಜೋಡಿ ಗರುಡ. ಸುತ್ತಲೂ ಗ್ರೀಕ್ ಅಕ್ಷರಗಳಲ್ಲಿ ಎರಡೇ ಶಬ್ದ: ‘ಟಾಲೆಮಿ ಅರಸನ’. ಅಂದರೆ ಇದು ಟಾಲೆಮಿ ಅರಸನ ದುಡ್ಡು ಎಂದರ್ಥ. ಬೆಲೆ ಎಷ್ಟು ಎಂದು ಬರೆದಿಲ್ಲ. ಯಾವ ವರ್ಷದ್ದು ಎಂದೂ ಸಾಮಾನ್ಯವಾಗಿ ಬರೆದಿಲ್ಲ. ಯಾವ ಟಾಲೆಮಿ ಎಂದು ಕೂಡ ಇಲ್ಲ. ತೊಡಕು ಇರುವುದೇ ಇಲ್ಲಿ, ಏಕೆಂದರೆ ಆ ವಂಶದ ಅರಸರೆಲ್ಲ ಟಾಲೆಮಿಗಳೇ.

ಶಾಲೆಯ ಇತಿಹಾಸ ಪಾಠದಲ್ಲಿ ಅಲೆಕ್ಸಾಂಡರ್ ಝೇಲಂ ನದಿಯ ದಂಡೆಯಲ್ಲಿ ಪೌರವನನ್ನು ಗೆದ್ದು, ಹಿಂತಿರುಗುತ್ತ ಬ್ಯಾಬಿಲೋನಿನಲ್ಲಿ ತೀರಿಕೊಂಡು ಮುಗಿದುಹೋಗುತ್ತಾನೆ. ಮೂವತ್ತು ವರ್ಷದಿಂದ ನಾನೂ ಅಲ್ಲಿಯವರೆಗೆ ಹೇಳಿ ಚಂದ್ರಗುಪ್ತನ ಕಡೆಗೆ ತಿರುಗುವವಳೇ. ಆದರೆ ಕ್ರಿ.ಪೂ. 323ರಲ್ಲಿ ಅವನು ಸತ್ತ ಮೇಲೆ ಆಸ್ತಿ ಪಾಲಾದ ಕಥೆ ಅವನ ದಂಡಯಾತ್ರೆಗಿಂತ ಸ್ವಾರಸ್ಯವಾಗಿದೆ. ಸೇನಾಪತಿಗಳು ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಲಾಗೋಸನ ಮಗ ಟಾಲೆಮಿ ಎಂಬವನು ಈಜಿಪ್ಟನ್ನು ಕೇಳಿ ಪಡೆದ. ಅವನು ಬುದ್ಧಿವಂತ. ಇಡೀ ಸಾಮ್ರಾಜ್ಯಕ್ಕೆ ಆಸೆಪಟ್ಟವರು ಒಬ್ಬರನ್ನೊಬ್ಬರು ಕೊಂದುಕೊಂಡರು. ನೈಲ್ ನದಿಯ ಗದ್ದೆ ಸಾಕು ಎಂದವನ ವಂಶ ಸುಮಾರು ಮುನ್ನೂರು ವರ್ಷ ಆಳಿತು. ಕ್ರಿ.ಪೂ. 305ರ ಹೊತ್ತಿಗೆ ಅವನು ಅರಸನೆಂದು ಕರೆಸಿಕೊಂಡ. ಆ ವಂಶದ ಕೊನೆಯ ರಾಣಿ ಏಳನೆಯ ಕ್ಲಿಯೋಪಾತ್ರ ಸತ್ತದ್ದು ಕ್ರಿ.ಪೂ. 30ರಲ್ಲಿ.

ಈ ಮನೆತನದವರು ಹಣದ ವಿಷಯದಲ್ಲಿ ಬಹಳ ಬಿಗಿ. ಗ್ರೀಕ್ ಲೋಕದ ಇತರ ಕಡೆ ಅಥೆನ್ಸಿನ ತೂಕದ ಬೆಳ್ಳಿ ನಡೆಯುತ್ತಿತ್ತು. ನಾಲ್ಕು ದ್ರಾಕ್ಮಾದ ನಾಣ್ಯಕ್ಕೆ 17 ಗ್ರಾಮಿಗೆ ಮೇಲೆ. ಮೊದಲನೆಯ ಟಾಲೆಮಿ ಅದನ್ನು ಹಂತಹಂತವಾಗಿ 14 ಗ್ರಾಮಿಗೆ ಇಳಿಸಿದ. ಪರದೇಶದ ನಾಣ್ಯ ಈಜಿಪ್ಟಿನೊಳಗೆ ನಡೆಯದಂತೆ ಮಾಡಿದ. ಬಂದರಿಗೆ ಬಂದ ವರ್ತಕ ತನ್ನ ದಪ್ಪ ನಾಣ್ಯ ಕೊಟ್ಟು ಅರಸನ ತೆಳು ನಾಣ್ಯ ತೆಗೆದುಕೊಳ್ಳಬೇಕು. ನಡುವಿನ ಬೆಳ್ಳಿ ಬೊಕ್ಕಸಕ್ಕೆ. ಕ್ರಿ.ಪೂ. 258ರಲ್ಲಿ ದಿಮಿತ್ರಿಯಸ್ ಎಂಬ ಟಂಕಸಾಲೆಯ ಅಧಿಕಾರಿ ಅರ್ಥಮಂತ್ರಿ ಅಪೊಲ್ಲೋನಿಯಸನಿಗೆ ಬರೆದ ಪತ್ರವೊಂದು ಉಳಿದಿದೆ. 57,000 ಚಿನ್ನದ ನಾಣ್ಯಗಳನ್ನು ಪಡೆದು ಹೊಸದಾಗಿ ಅಚ್ಚು ಹಾಕಿ ಹಿಂದಕ್ಕೆ ಕೊಟ್ಟಿದ್ದೇನೆ, ಆದರೂ ಇನ್ನೂ ಬಹಳ ಮಂದಿ ಪರದೇಶದವರು ತಮ್ಮ ಚಿನ್ನ ಬದಲಾಗದೆ ಕೂತಿದೆ ಎಂದು ಗೊಣಗುತ್ತಿದ್ದಾರೆ ಎಂಬ ಧಾಟಿಯ ಪತ್ರ. ಎರಡು ಸಾವಿರದ ಇನ್ನೂರು ವರ್ಷ ಹಳೆಯದಾದರೂ ಅದರ ದನಿ ಯಾವುದೇ ಸರಕಾರಿ ಕಚೇರಿಯದ್ದೇ.

ಆದರೆ ಇದೆಲ್ಲ ಚಿನ್ನ ಬೆಳ್ಳಿಯ ಮಾತು, ಬಂದರಿನ ಮಾತು. ನೈಲ್ ದಂಡೆಯ ಹಳ್ಳಿಯಲ್ಲಿ ಗೋಧಿ, ಬಾರ್ಲಿ ಬೆಳೆಯುತ್ತಿದ್ದವನಿಗೆ ಅದರಿಂದ ಆಗಬೇಕಾದ್ದೇನು? ಈಜಿಪ್ಟಿನ ನೆಲದಲ್ಲಿ ಬೆಳ್ಳಿ ಹೆಚ್ಚು ಸಿಗುವುದಿಲ್ಲ. ಗ್ರೀಕರು ಬರುವುದಕ್ಕೆ ಸಾವಿರ ವರ್ಷ ಮೊದಲಿನಿಂದಲೂ ಅಲ್ಲಿಯ ಜನ ಬೆಲೆ ಕಟ್ಟುತ್ತಿದ್ದುದು ಧಾನ್ಯದಲ್ಲಿ, ಇಲ್ಲವೆ ತಾಮ್ರದ ತೂಕದಲ್ಲಿ. ದೆಬೆನ್ ಎಂಬ 91 ಗ್ರಾಮಿನಷ್ಟರ ತೂಕವೊಂದಿತ್ತು. ಇಷ್ಟು ದೆಬೆನ್ ತಾಮ್ರಕ್ಕೆ ಕತ್ತೆ, ಅಷ್ಟು ದೆಬೆನ್ನಿಗೆ ಮಂಚ ಎಂದು ಲೆಕ್ಕ ಬರೆದಿಟ್ಟ ಮಡಕೆಚೂರುಗಳು ಸಿಕ್ಕಿವೆ. ಅಂಥ ಜನರ ಕೈಗೆ ಗುಂಡಿಯಷ್ಟು ಸಣ್ಣ ಲೋಹ ಕೊಟ್ಟು, ಇದರ ಬೆಲೆ ಇಷ್ಟು, ಅರಸನ ಆಣೆ ಎಂದರೆ ನಂಬುತ್ತಾರೆಯೆ? ಎರಡನೆಯ ಟಾಲೆಮಿಯ ಕಾಲದಲ್ಲಿ, ಕ್ರಿ.ಪೂ. 260ರ ಆಸುಪಾಸು, ಕಂಚಿನ ನಾಣ್ಯ ಇದ್ದಕ್ಕಿದ್ದಂತೆ ಅಂಗೈ ತುಂಬುವಷ್ಟು ಬೆಳೆದದ್ದಕ್ಕೆ ನನಗೆ ತೋರುವ ಮುಖ್ಯ ಕಾರಣ ಇದು. ಭಾರವಿದ್ದರೆ ನಂಬಿಕೆ. ತಾಮ್ರಕ್ಕೂ ಕೊರತೆ ಇರಲಿಲ್ಲ; ಸೈಪ್ರಸ್ ದ್ವೀಪ ಟಾಲೆಮಿಗಳ ಕೈಯಲ್ಲಿತ್ತು.

ಹಣ ಇಳಿಸಿದರೆ ಸಾಲದು, ಜನ ಅದನ್ನು ಬಳಸುವ ಹಾಗೆ ಮಾಡಬೇಕು. ಅದಕ್ಕೆ ಸುಲಭದ ಉಪಾಯ ತೆರಿಗೆ. ಅದೇ ಕಾಲಕ್ಕೆ, ಕ್ರಿ.ಪೂ. 263ರ ಸುಮಾರಿಗೆ, ಉಪ್ಪಿನ ತೆರಿಗೆ ಬಂತು. ಹೆಸರು ಉಪ್ಪಿನದಾದರೂ ಇದು ತಲೆಗಂದಾಯವೇ. ಗಂಡಸಿಗೆ ವರ್ಷಕ್ಕೆ ಒಂದೂವರೆ ದ್ರಾಕ್ಮಾ, ಹೆಂಗಸಿಗೆ ಒಂದು ದ್ರಾಕ್ಮಾ. ಕೆಲವು ವರ್ಷಗಳ ಮೇಲೆ ಅದನ್ನು ಒಂದು ಮತ್ತು ಅರ್ಧಕ್ಕೆ ಇಳಿಸಿದರು. ಎಪ್ಪತ್ತು ಗ್ರಾಮಿನ ಕಂಚು ಒಂದು ದ್ರಾಕ್ಮಾದ ನಾಣ್ಯವೆಂದು ಹಲವು ವಿದ್ವಾಂಸರ ಎಣಿಕೆ. ಹಾಗಾದರೆ ಗಂಡ ಹೆಂಡಿರ ಮೊದಲ ಕಾಲದ ಉಪ್ಪಿನ ತೆರಿಗೆ ಎಂದರೆ ಹದಿನೈದು ತೊಲ ಕಂಚು. ಮನೆಮನೆಯ ತಲೆ ಎಣಿಸಿ ಬರೆದ ಪಟ್ಟಿಗಳು ಪಪೈರಸ್ ಕಾಗದದಲ್ಲಿ ಉಳಿದಿವೆ. 1930ರಲ್ಲಿ ಅಂಕೋಲೆಯ ಕಡಲದಂಡೆಯಲ್ಲಿ ಉಪ್ಪು ಹಿಡಿದು ಜೈಲಿಗೆ ಹೋದವರ ಜಿಲ್ಲೆಗಳಲ್ಲಿ ಓದಿ ಬೆಳೆದ ನಮಗೆ ಉಪ್ಪಿನ ಮೇಲಿನ ತೆರಿಗೆ ಎಂದೊಡನೆ ಮೈ ಬಿಸಿಯಾಗುತ್ತದೆ. ಆದರೆ ಒಂದು ಸಂಗತಿ ಹೇಳಲೇಬೇಕು. ಅರ್ಥಮಂತ್ರಿ ಅಪೊಲ್ಲೋನಿಯಸ್ ಬರೆದ ಆದೇಶವೊಂದರ ಪ್ರಕಾರ ಅಕ್ಷರ ಕಲಿಸುವ ಉಪಾಧ್ಯಾಯರಿಗೂ ಅವರ ಮನೆಯವರಿಗೂ ಈ ತೆರಿಗೆಯಿಂದ ವಿನಾಯಿತಿ ಇತ್ತು. ವ್ಯಾಯಾಮ ಕಲಿಸುವವರಿಗೂ ಇತ್ತು. ಸಂಬಳದ ಚೀಟಿಯಿಂದ ವೃತ್ತಿ ತೆರಿಗೆ ಮುರಿಸಿಕೊಳ್ಳುವ ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಓದಿ ಹೇಳಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ದೈಹಿಕ ಶಿಕ್ಷಣದ ಮಾಸ್ತರರು. ಗ್ರೀಕ್ ಅಕ್ಷರ ಕಲಿಸುವವರು ಗ್ರೀಕ್ ಆಡಳಿತಕ್ಕೆ ಬೇಕಾಗಿದ್ದರು, ಅಷ್ಟೆ. ವಿದ್ಯೆಯ ಮೇಲಿನ ಪ್ರೀತಿ ಎಂದು ಹಿಗ್ಗಬೇಕಾಗಿಲ್ಲ.

ಪಪೈರಸ್ ಎಂದಾಗ ಕನ್ನಡಿಗರಿಗೆ ನೆನಪಾಗುವುದು ಆಕ್ಸಿರಿಂಕಸ್ಸಿನ ಪ್ರಹಸನ. ಅದರೊಳಗಿನ ಅರ್ಥವಾಗದ ಮಾತು ಕನ್ನಡವೇ ಅಲ್ಲವೇ ಎಂಬ ಚರ್ಚೆಯನ್ನು 1904ರಲ್ಲಿ ಹುಲ್ಟ್ಶ್ ಆರಂಭಿಸಿದರು. ಗೋವಿಂದ ಪೈಯವರೂ ಅದರ ಬಗ್ಗೆ ಬರೆದರು. ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಅದು ರೋಮನರ ಕಾಲದ ಹಾಳೆ. ನನ್ನ ವಿಷಯಕ್ಕೆ ಬೇಕಾದದ್ದು ಅದಕ್ಕೂ ಹಿಂದಿನ ಒಂದು ಕಾಗದದ ಕಟ್ಟು. ಫಯ್ಯೂಮ್ ಪ್ರದೇಶದ ಫಿಲಡೆಲ್ಫಿಯ ಎಂಬ ಹಾಳೂರಿನಲ್ಲಿ 1914–15ರ ಸುಮಾರಿಗೆ ಗೊಬ್ಬರದ ಮಣ್ಣಿಗಾಗಿ ಅಗೆಯುತ್ತಿದ್ದ ರೈತರಿಗೆ ಜೆನಾನ್ ಎಂಬವನ ಕಡತ ಸಿಕ್ಕಿತು. ಇವನು ಅಪೊಲ್ಲೋನಿಯಸನ ಜಮೀನಿನ ಪಾರುಪತ್ಯಗಾರ. ಬಂದ ಕಾಗದವನ್ನೆಲ್ಲ ಎತ್ತಿಡುವ ಸ್ವಭಾವದವನು. ಸುಮಾರು ಎರಡು ಸಾವಿರ ಪತ್ರ, ಲೆಕ್ಕ, ಅರ್ಜಿ. ಆಗಿನ ದಿನಗೂಲಿ ಒಂದೆರಡು ಒಬೊಲ್ ಎಂದು ಗೊತ್ತಾಗುವುದು ಇಂಥ ಲೆಕ್ಕಗಳಿಂದ. ಆರು ಒಬೊಲಿಗೆ ಒಂದು ದ್ರಾಕ್ಮಾ. ಆದ್ದರಿಂದ ನಮ್ಮ ದೊಡ್ಡ ಕಂಚನ್ನು ಚಿಲ್ಲರೆ ಎಂದು ಕರೆಯುವಂತಿಲ್ಲ. ಅದು ಆಳುಮಗನ ಮೂರು ನಾಲ್ಕು ದಿನದ ಬೆವರು, ಕೆಲವರಿಗೆ ಆರು ದಿನದ್ದು.

ಇಷ್ಟಾಗಿಯೂ ಸರಕಾರ ತನ್ನ ಕಂಚನ್ನು ತಾನೇ ಪೂರ್ತಿ ನಂಬಲಿಲ್ಲ. ಕೆಲವು ತೆರಿಗೆಗಳನ್ನು ಬೆಳ್ಳಿಯಲ್ಲೇ ಕೊಡಬೇಕಾಗಿತ್ತು. ಬೆಳ್ಳಿ ಇಲ್ಲದವನು ಕಂಚಿನಲ್ಲಿ ಕೊಟ್ಟರೆ ನೂರಕ್ಕೆ ಹತ್ತರಷ್ಟು ವಟ್ಟ ಸೇರಿಸಬೇಕು. 24 ಒಬೊಲಿನ ಬೆಳ್ಳಿಗೆ ಕಂಚಿನಲ್ಲಿ 26 ಒಬೊಲಿನ ಮೇಲೆ. ಕೂಲಿಯನ್ನು ಕಂಚಿನಲ್ಲಿ ಕೊಟ್ಟು ಕಂದಾಯವನ್ನು ಬೆಳ್ಳಿಯ ಲೆಕ್ಕದಲ್ಲಿ ಕೇಳುವ ಈ ಏರ್ಪಾಟಿನಲ್ಲಿ ಯಾರಿಗೆ ಗಿಟ್ಟಿತು, ಯಾರ ಗಂಟು ಕರಗಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಾಣ್ಯವನ್ನು ಮಾಡಿದ ಕೈಗಳ ಗುರುತೂ ಅದರ ಮೇಲೇ ಇದೆ. ಎರಡೂ ಬದಿಯ ನಟ್ಟನಡುವೆ ಒಂದೊಂದು ಚಿಕ್ಕ ಗುಳಿ. ದೇವರ ಕೆನ್ನೆಯಲ್ಲಿ ಒಂದು, ಗರುಡನ ಮೈಯಲ್ಲಿ ಒಂದು. ಹೊಸದಾಗಿ ಸಂಗ್ರಹಕ್ಕೆ ಇಳಿದವರು ಯಾರೋ ಮೊಳೆ ಹೊಡೆದು ಕೆಡಿಸಿದ್ದಾರೆಂದು ಮರುಗುವುದುಂಟು. ಹಾಗಲ್ಲ. ಕರಗಿಸಿದ ಕಂಚನ್ನು ಅಚ್ಚಿಗೆ ಎರೆದು ಬಿಲ್ಲೆ ಮಾಡುತ್ತಿದ್ದರು. ಎರಕದ ಬಿಲ್ಲೆ ಒರಟು. ಅದನ್ನು ನಡುವೆ ಚುಚ್ಚಿ ಹಿಡಿದು ತಿರುಗಿಸಿ ಮೈ ನಯ ಮಾಡುತ್ತಿದ್ದರೆಂದು ಬಹುಮಂದಿ ಪರಿಣತರ ಅಭಿಪ್ರಾಯ. ಹೊಯ್ಸಳ ಗುಡಿಗಳಲ್ಲಿ ಕಡೆದು ನಯಮಾಡಿದ ಕಂಬಗಳನ್ನು ಕಂಡವರಿಗೆ ಈ ಕೆಲಸದ ಅಂದಾಜು ಸಿಗುತ್ತದೆ. ಆಮೇಲೆ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುವುದು. ಬೆಳ್ಳಿಯ ಸಣ್ಣ ನಾಣ್ಯಕ್ಕೆ ಒಂದು ಪೆಟ್ಟಾದರೆ ಇದಕ್ಕೆ ಎಂಥ ಪೆಟ್ಟು ಬೇಕು! ಅಷ್ಟು ಹೊಡೆದರೂ ಆ ಗುಳಿ ಮುಚ್ಚಿಹೋಗಲಿಲ್ಲ. ಅಂಚು ಓರೆಯಾಗಿರುವುದು, ಬದಿಯಲ್ಲಿ ಎರಕದ ಬಾಲ ಮುರಿದ ಗುರುತಿರುವುದು, ಇವು ಕೂಡ ಸಹಜ. ಖೋಟಾ ನಾಣ್ಯವನ್ನು ಪತ್ತೆ ಮಾಡುವವರು ನೋಡುವುದು ದೇವರ ಮುಖವನ್ನಲ್ಲ, ಈ ಅಂಚನ್ನು.

ಇನ್ನೊಂದು ವಿಷಯ ನನ್ನನ್ನು ಬಹಳ ಸಲ ಕಾಡಿದೆ. ಅಫಘಾನಿಸ್ತಾನ, ಪಂಜಾಬುಗಳ ಕಡೆ ಆಳಿದ ಗ್ರೀಕ್ ಅರಸರ ನಾಣ್ಯಗಳನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ನೋಡಿದ್ದೇವೆ. ನಮ್ಮವರು ಮಿಲಿಂದನೆಂದು ಕರೆದ ಮಿನಾಂಡರನ ನಾಣ್ಯದಲ್ಲಿ ಒಂದು ಬದಿ ಗ್ರೀಕ್, ಇನ್ನೊಂದು ಬದಿ ಖರೋಷ್ಠಿ ಲಿಪಿಯ ಪ್ರಾಕೃತ. ಆಳುವವನು ಆಳಿಸಿಕೊಳ್ಳುವವರ ಭಾಷೆಯನ್ನು ಅರ್ಧ ನಾಣ್ಯಕ್ಕಾದರೂ ತಂದ. ಈಜಿಪ್ಟಿನಲ್ಲಿ ಮುನ್ನೂರು ವರ್ಷ ಕಳೆದರೂ ಟಾಲೆಮಿಗಳ ನಾಣ್ಯದ ಬರಹ ಗ್ರೀಕೇ. ಅಲ್ಲಿಯ ಜನಕ್ಕೆ ಮೂರು ಸಾವಿರ ವರ್ಷದ ಬರವಣಿಗೆ ಇತ್ತು. ದೇವಾಲಯದ ಗೋಡೆಯ ಮೇಲೆ ಇದೇ ಅರಸರು ಫೇರೋನ ವೇಷದಲ್ಲಿ ಚಿತ್ರಲಿಪಿಯಲ್ಲಿ ಹೆಸರು ಕೆತ್ತಿಸಿಕೊಂಡರು. ನಾಣ್ಯದ ಮೇಲೆ ಮಾತ್ರ ಒಂದು ಅಕ್ಷರವೂ ಇಲ್ಲ. ಆ ಮನೆತನದಲ್ಲಿ ಈಜಿಪ್ಟಿನ ಮಾತು ಕಲಿತವಳು ಕೊನೆಯ ಕ್ಲಿಯೋಪಾತ್ರ ಮೊದಲಿಗಳು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ಅವಳ ನಾಣ್ಯದಲ್ಲೂ ಗ್ರೀಕ್ ಒಂದೇ. ಕಂಚನ್ನು ಹೆಚ್ಚಾಗಿ ಹಿಡಿದವರು ಓದಲಾರದ ಅಕ್ಷರವನ್ನು ಹಿಡಿದು ತಿರುಗಿದರು. ಕೊಂಬಿನ ದೇವರನ್ನು ಕಂಡು, ಇವನು ನಮ್ಮ ಅಮೂನನೇ ಎಂದುಕೊಂಡಿರಬಹುದು. ಅರಸರಿಗೂ ಬೇಕಾದದ್ದು ಅಷ್ಟೇ ಇರಬೇಕು.

ಭಾರದ ಮೇಲೆ ನಿಂತ ನಂಬಿಕೆ ಎರಡು ತಲೆಮಾರು ಚೆನ್ನಾಗಿ ನಡೆಯಿತು. ಆಮೇಲೆ ಯುದ್ಧಗಳು. ಕ್ರಿ.ಪೂ. 217ರಲ್ಲಿ ಗಾಜಾದ ದಕ್ಷಿಣಕ್ಕೆ ರಾಫಿಯಾ ಎಂಬಲ್ಲಿ ನಾಲ್ಕನೆಯ ಟಾಲೆಮಿಗೂ ಸಿರಿಯಾದ ಮೂರನೆಯ ಆಂಟಿಯೋಕಸನಿಗೂ ದೊಡ್ಡ ಕಾಳಗ. ಪಾಲಿಬಿಯಸ್ ಕೊಡುವ ಲೆಕ್ಕದಂತೆ ಟಾಲೆಮಿಯ ಬಳಿ 73 ಆಫ್ರಿಕದ ಆನೆ, ಆಂಟಿಯೋಕಸನ ಬಳಿ 102 ಭಾರತದ ಆನೆ. ನಮ್ಮ ಆನೆಗಳ ವಾಸನೆಗೂ ಘೀಳಿಗೂ ಆಫ್ರಿಕದವು ಹೆದರಿ ಹಿಂದೆ ಸರಿದವಂತೆ. ಆದರೂ ಗೆದ್ದವನು ಟಾಲೆಮಿ. ಕಾರಣ, ಈ ಸಲ ಅವನು 20,000 ಈಜಿಪ್ಟಿನವರಿಗೇ ಈಟಿ ಕೊಟ್ಟು ಕಾಲಾಳಿನ ಸಾಲಿನಲ್ಲಿ ನಿಲ್ಲಿಸಿದ್ದ. ಗೆದ್ದು ಮನೆಗೆ ಬಂದವರಿಗೆ ತಮ್ಮ ಕೈಯ ಬಲ ತಿಳಿಯಿತು. ಸ್ವಲ್ಪ ವರ್ಷದಲ್ಲೇ ದಕ್ಷಿಣದಲ್ಲಿ ದಂಗೆ ಎದ್ದಿತು. ಥೀಬ್ಸಿನಲ್ಲಿ ಸ್ಥಳೀಯ ಫೇರೋಗಳು ಸುಮಾರು ಇಪ್ಪತ್ತು ವರ್ಷ, ಕ್ರಿ.ಪೂ. 186ರವರೆಗೆ, ನಿಂತರು.

ಈ ಗಲಭೆಯ ಕಾಲದಲ್ಲಿ ಪಪೈರಸ್ ಲೆಕ್ಕಗಳಲ್ಲಿ ಬೆಲೆಗಳು ಹುಚ್ಚು ಹಿಡಿದಂತೆ ಏರುತ್ತವೆ. ಒಂದು ಅಳತೆ ಗೋಧಿಗೆ ಎರಡು ದ್ರಾಕ್ಮಾದ ಸುಮಾರು ಇದ್ದದ್ದು ನೂರನ್ನೂ ಮೀರಿತು. ಇದು ನಿಜವಾದ ಬೆಲೆಯೇರಿಕೆಯೋ, ಕಂಚಿನ ದ್ರಾಕ್ಮಾವನ್ನು ಬೆಳ್ಳಿಯಿಂದ ಬಿಡಿಸಿ ಸರಕಾರ ಲೆಕ್ಕದ ಪದ್ಧತಿಯನ್ನೇ ಬದಲಿಸಿದ್ದೋ ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಎರಡೂ ಬೆರೆತಿರಬೇಕು ಎನ್ನುವವರ ಮಾತು ನನಗೆ ಒಪ್ಪಿಗೆ. ಲೋಹದ ಮೇಲಿನ ನಂಬಿಕೆ ಎಷ್ಟು ಸೂಕ್ಷ್ಮ ಎಂಬುದನ್ನು ನಾವೂ ಕಂಡಿದ್ದೇವೆ. ಹತ್ತು ರೂಪಾಯಿಯ ನಾಣ್ಯದಲ್ಲಿ ಗೆರೆ ಹದಿನೈದಿದ್ದರೆ ಖೋಟಾ, ಹತ್ತಿದ್ದರೆ ಅಸಲಿ ಎಂಬ ಗಾಳಿಮಾತು ಹಬ್ಬಿ ಬಸ್ಸಿನ ಕಂಡಕ್ಟರರೂ ಅಂಗಡಿಯವರೂ ಅದನ್ನು ಮುಟ್ಟದೆ ಬಿಟ್ಟರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು 14 ವಿನ್ಯಾಸಗಳೂ ಸಾಚಾ ಎಂದು ಪ್ರಕಟಿಸಬೇಕಾಯಿತು. ಪ್ರಕಟಣೆಯಾದ ಮೇಲೂ ನಮ್ಮ ಪೇಟೆಯ ಹೂವಿನವಳು ತಲೆಯಾಡಿಸಿದಳು.

ಅಲ್ಲಿಂದ ಮುಂದೆ ಈಜಿಪ್ಟಿನ ಕಂಚು ಕುಗ್ಗುತ್ತಲೇ ಹೋಯಿತು. ಕೊನೆಯ ಕ್ಲಿಯೋಪಾತ್ರಳ ಕಾಲಕ್ಕೆ ಬಂದರೆ ಅವಳ ಮುಖವಿರುವ ಕಂಚು ಸುಮಾರು 20 ಗ್ರಾಂ. ಅಗಲದಲ್ಲಿ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟೇ. ಅದರ ಮೇಲೆ ಬೆಲೆಯ ಅಂಕಿ ಇದೆ: 80 ದ್ರಾಕ್ಮಾ. ಅಜ್ಜನ ಅಜ್ಜನ ಕಾಲದಲ್ಲಿ 70 ಗ್ರಾಂ ಕಂಚಿಗೆ ಒಂದು, ಈಗ 20 ಗ್ರಾಮಿಗೆ ಎಂಬತ್ತು. ಭಾರ ಹೇಳುತ್ತಿದ್ದ ಮಾತನ್ನು ಅಂಕಿ ಹೇಳಬೇಕಾಯಿತು. ಅವಳನ್ನು ಸೋಲಿಸಿ ಈಜಿಪ್ಟನ್ನು ಹಿಡಿದ ರೋಮಿನ ಆಗಸ್ಟಸ್ ಕೂಡ ಮೊದಲಿಗೆ ಅದೇ ಅಂಕಿಗಳ ಕಂಚನ್ನೇ ಅಚ್ಚು ಹಾಕಿಸಿದ.

ಇಷ್ಟೆಲ್ಲ ಕಥೆ ನಮಗೆ ತಿಳಿದದ್ದು ಹೇಗೆ? ನಾಣ್ಯವೊಂದನ್ನೇ ಎಷ್ಟು ದಿಟ್ಟಿಸಿದರೂ ಅದು ‘ಟಾಲೆಮಿ ಅರಸನ’ ಎಂದಷ್ಟೇ ಹೇಳುತ್ತದೆ. ಅಥೆನ್ಸಿನ ನಾಣ್ಯ ಸಂಗ್ರಹಾಲಯದ ಇಯೊಆನಿಸ್ ಸ್ವೊರೊನೊಸ್ 1904ರಿಂದ 1908ರವರೆಗೆ ನಾಲ್ಕು ಸಂಪುಟಗಳಲ್ಲಿ ಟಾಲೆಮಿಗಳ ನಾಣ್ಯಗಳನ್ನೆಲ್ಲ ಪಟ್ಟಿ ಮಾಡಿದರು. ನೂರು ವರ್ಷ ಅದೇ ಆಧಾರಗ್ರಂಥ. ಸಂಗ್ರಾಹಕರು ಇಂದಿಗೂ ಸ್ವೊರೊನೊಸ್ ಸಂಖ್ಯೆಯಿಂದಲೇ ನಾಣ್ಯದ ಗುರುತು ಹೇಳುತ್ತಾರೆ. ಆದರೆ ಅವರು ಒಬ್ಬ ಟಾಲೆಮಿಗೆ ಸೇರಿಸಿದ ಎಷ್ಟೋ ಕಂಚುಗಳು ಈಗ ಇನ್ನೊಬ್ಬನ ಪಾಲಿಗೆ ಹೋಗಿವೆ. ಅದಕ್ಕೆ ಕಾರಣ ನಿಧಿಗಳು. ಯಾರೋ ಒಬ್ಬ ಮಡಕೆಯಲ್ಲಿ ತುಂಬಿ ಹೂತಿಟ್ಟು, ಮರಳಿ ತೆಗೆಯಲಾಗದೆ ಹೋದ ನಾಣ್ಯಗಳ ಕಟ್ಟು ಹಾಗೇ ಸಿಕ್ಕಿದರೆ, ಯಾವುದರ ಜೊತೆ ಯಾವುದು ಚಲಾವಣೆಯಲ್ಲಿತ್ತು, ಯಾವುದು ಆ ಹೊತ್ತಿಗೆ ರದ್ದಾಗಿತ್ತು ಎಂಬುದು ಒಮ್ಮೆಗೇ ತಿಳಿಯುತ್ತದೆ. ತೋಮಾ ಫೋಶೆ ಮತ್ತು ಕ್ಯಾಥರೀನ್ ಲಾರ್ಬರ್ 2010ರಲ್ಲಿ ಟಾಲೆಮಿಗಳ ಕಂಚನ್ನು ಹತ್ತು ಸರಣಿಗಳಾಗಿ ವಿಂಗಡಿಸಿದಾಗ ನಿಧಿಗಳ ಸಾಕ್ಷ್ಯವೇ ಅವರ ದೊಡ್ಡ ಬಲ. ಚಿನ್ನದ ನಾಣ್ಯದಲ್ಲಿ ಮುಖವಿದೆ, ಬೆಳ್ಳಿಯಲ್ಲಿ ಎಷ್ಟೋ ಸಲ ವರ್ಷವಿದೆ. ಬಡವರ ಕಂಚಿಗೆ ನೆರೆಹೊರೆಯೊಂದೇ ಸಾಕ್ಷಿ.

ಆ ಸಾಕ್ಷಿಯನ್ನೇ ನಾವು ಕೆಡಿಸುತ್ತ ಬಂದಿದ್ದೇವೆ. ಹಾಳೂರಿನ ಗೊಬ್ಬರದ ಮಣ್ಣು ತೆಗೆದವರು ಸಿಕ್ಕ ಕಂಚನ್ನು ಪೇಟೆಗೆ ತಂದರು. ದಲ್ಲಾಳಿ ಚೆನ್ನಾಗಿದ್ದದ್ದನ್ನು ಆರಿಸಿ ಉಳಿದದ್ದನ್ನು ಬೇರೆ ಮಾಡಿದ. ಆರಿಸಿದ್ದು ಹತ್ತು ದೇಶಕ್ಕೆ ಹೋಯಿತು. ಜೆನಾನನ ಕಾಗದಗಳೂ ಹೀಗೆಯೇ ಕೈರೋ, ಲಂಡನ್, ಫ್ಲಾರೆನ್ಸ್, ಅಮೆರಿಕದ ಮಿಷಿಗನ್ ಎಂದು ಚೆದುರಿದವು. ಕಾಗದವನ್ನಾದರೂ ಓದಿ, ಇದು ಅದರ ಮುಂದಿನ ಚೂರು ಎಂದು ಜೋಡಿಸಬಹುದು. ಮಡಕೆಯಿಂದ ಹೊರಬಂದ ನಾಣ್ಯವನ್ನು ಮಡಕೆಗೆ ಯಾರು ಜೋಡಿಸಬೇಕು?

ಮೂರು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಜರ್ಮನಿಗೆ ಹೋಗಿದ್ದೆ. ಅಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೋಡಲು ಬಂದವನು ಕೋಟಿನ ಜೇಬಿನಿಂದ ಒಂದು ಪೆಟ್ಟಿಗೆ ತೆಗೆದ. ‘ಟೀಚರ್, ಕೈ ಹಿಡಿಯಿರಿ’ ಎಂದು ಅಂಗೈಯಲ್ಲಿ ಇಟ್ಟದ್ದು ಈ ಕಂಚೇ; ಮೂರನೆಯ ಟಾಲೆಮಿಯ ಕಾಲದ್ದು. ಚಿತ್ರಗಳಲ್ಲಿ ಎಷ್ಟು ನೋಡಿದ್ದರೂ ಆ ಭಾರಕ್ಕೆ ಕೈ ಸಿದ್ಧವಿರಲಿಲ್ಲ. ಸಂತೋಷವಾಯಿತು, ಸುಳ್ಳು ಹೇಳಲಾರೆ. ಒಂದು ಹಸುರು ಕಿಲುಬು ಗಟ್ಟಿಯಾಗಿ ಮೈಗೆ ಹತ್ತಿಕೊಂಡು ಮರಕತದ ಹಾಗೆ ಹೊಳೆಯುತ್ತಿತ್ತು. ನಮ್ಮಲ್ಲಿ ತಾಮ್ರ ಕಂಡರೆ ಹುಣಿಸೆಹಣ್ಣು ತರುವ ಕೈಗಳೇ ಹೆಚ್ಚು. ಹಳೆಯ ನಾಣ್ಯಕ್ಕೆ ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಕಿಲುಬಿನೊಂದಿಗೆ ಅಕ್ಷರವೂ ಹೋಗುತ್ತದೆ. ಅಲ್ಲಲ್ಲಿ ತಿಳಿಹಸುರಿನ ಪುಡಿ ಏಳುತ್ತಿದ್ದರೆ ಮಾತ್ರ ಅದು ರೋಗ. ಉಪ್ಪಿನ ಅಂಶ ತೇವದೊಂದಿಗೆ ಸೇರಿ ಕಂಚನ್ನು ಒಳಗಿನಿಂದ ತಿನ್ನುತ್ತಿದೆ ಎಂದರ್ಥ. ಅವನ ನಾಣ್ಯಕ್ಕೆ ಅದಿರಲಿಲ್ಲ.

‘ಇದು ಎಲ್ಲಿಂದ ಬಂತು ಮಾರಾಯ?’ ಎಂದೆ. ಹರಾಜಿನಲ್ಲಿ ಕೊಂಡದ್ದು ಎಂದ. ‘ಅದಲ್ಲ, ಎಲ್ಲಿ ಸಿಕ್ಕಿತು?’ ಹರಾಜಿನವರು ಕೊಟ್ಟ ಚೀಟಿ ತೋರಿಸಿದ. ಹಳೆಯ ಖಾಸಗಿ ಸಂಗ್ರಹದಿಂದ, 1970ಕ್ಕೆ ಮೊದಲಿನದು ಎಂದಿತ್ತು. ಆ ವರ್ಷ ಸುಮ್ಮನೆ ಹಾಕಿದ್ದಲ್ಲ. ಸಾಂಸ್ಕೃತಿಕ ವಸ್ತುಗಳ ಕಳ್ಳಸಾಗಣೆಯ ವಿರುದ್ಧ ಯುನೆಸ್ಕೋ ಒಪ್ಪಂದ ಆದದ್ದು 1970ರಲ್ಲಿ. ಈಜಿಪ್ಟು 1983ರ ಕಾನೂನಿನಿಂದ ಪುರಾತನ ವಸ್ತುಗಳ ವ್ಯಾಪಾರವನ್ನೇ ನಿಲ್ಲಿಸಿತು. ನಮ್ಮ 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಗದ್ದೆಯಲ್ಲಿ ನಿಧಿ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಳೆಯದು. ಕಾನೂನಿನ ದೃಷ್ಟಿಯಲ್ಲಿ ಹುಡುಗ ತಪ್ಪೇನೂ ಮಾಡಿರಲಿಲ್ಲ.

ಅವನೂ ಸುಮ್ಮನೆ ಬಿಡುವವನಲ್ಲ, ಶಾಲೆಯಲ್ಲೇ ಹಾಗೆ. ‘ಟೀಚರ್, ಕೊಳ್ಳುವವರು ಇಲ್ಲದಿದ್ದರೆ ಇದನ್ನು ಕರಗಿಸಿ ತಪ್ಪಲೆ ಮಾಡುತ್ತಿದ್ದರು’ ಎಂದ. ಅದೂ ನಿಜ. ಸ್ವೊರೊನೊಸ್ ಅವರ ಗ್ರಂಥಕ್ಕೆ ದೊಡ್ಡ ಆಸರೆಯಾದದ್ದು ಅಲೆಕ್ಸಾಂಡ್ರಿಯಾದಲ್ಲಿ ನೆಲೆಸಿದ್ದ ದಿಮಿತ್ರಿಯು ಎಂಬ ಗ್ರೀಕ್ ವರ್ತಕ ಅಥೆನ್ಸಿನ ಸಂಗ್ರಹಾಲಯಕ್ಕೆ ದಾನ ಕೊಟ್ಟ ನಾಣ್ಯಗಳು. ಅಮೆರಿಕದ ಎಡ್ವರ್ಡ್ ನ್ಯೂವೆಲ್ 1941ರಲ್ಲಿ ತೀರಿಕೊಂಡಾಗ ತಮ್ಮ ಎಂಬತ್ತು ಸಾವಿರಕ್ಕೂ ಮೀರಿದ ನಾಣ್ಯಗಳನ್ನು ನ್ಯೂಯಾರ್ಕಿನ ನಾಣ್ಯಶಾಸ್ತ್ರ ಸಂಘಕ್ಕೆ ಬಿಟ್ಟುಹೋದರು. ಇವರಿಲ್ಲದೆ ವಿದ್ಯೆ ಬೆಳೆಯುತ್ತಿರಲಿಲ್ಲ. ಬೇರೆ ಬಗೆಯವರೂ ಇದ್ದಾರೆ. ಈಜಿಪ್ಟಿನ ಅರಸ ಫಾರೂಕ್ ಕಂಡಕಂಡದ್ದನ್ನೆಲ್ಲ ಗುಡ್ಡೆಹಾಕಿದ. 1952ರಲ್ಲಿ ಪಟ್ಟ ಬಿಟ್ಟು ಓಡಿದ ಮೇಲೆ 1954ರಲ್ಲಿ ಅವನ ಅರಮನೆಯಲ್ಲೇ ಹರಾಜು ನಡೆದು ಸಾವಿರಾರು ನಾಣ್ಯ ಊರೂರು ಪಾಲಾದವು. ಸಂಗ್ರಾಹಕ ದಾನಿಯಾಗುತ್ತಾನೋ ಫಾರೂಕನಾಗುತ್ತಾನೋ ಎಂಬುದು ಅವನು ಸತ್ತ ಮೇಲೆ ತೀರ್ಮಾನವಾಗುತ್ತದೆ. ಅಷ್ಟರಲ್ಲಿ ಹೊಲದಲ್ಲಿ ಅಗೆಯುವವನಿಗೆ ಗಿರಾಕಿ ಇದ್ದಾನೆಂದು ಗೊತ್ತಾಗಿರುತ್ತದೆ. ಇಂದು ಕೊಳ್ಳುವ ಪ್ರತಿ ಕೈಯೂ ನಾಳೆ ಅಗೆಯುವ ಕೈಗೆ ಹೇಳಿಕಳುಹಿಸಿದಂತೆ ಎಂದು ನಾನೆಂದೆ. ಅವನು ಒಪ್ಪಲಿಲ್ಲ. ಹಳೆಯ ಚೀಟಿ ಇರುವ ನಾಣ್ಯವನ್ನು ಮಾತ್ರ ಕೊಂಡರೆ ಚೀಟಿ ಇಲ್ಲದ್ದಕ್ಕೆ ಬೆಲೆ ಬೀಳುತ್ತದೆ, ಅಗೆಯುವುದೂ ನಿಲ್ಲುತ್ತದೆ ಎಂಬುದು ಅವನ ವಾದ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ, ಚೀಟಿಯನ್ನೂ ಬರೆದುಕೊಳ್ಳಬಹುದು ಎಂಬುದು.

ಊಟದ ಮೇಲೆ ಒಂದು ದಪ್ಪ ಹಾಳೆ ತರಿಸಿ, ಇದನ್ನಾದರೂ ಮಾಡು ಎಂದೆ. ತಕ್ಕಡಿ ಮಗಳ ಅಡುಗೆಮನೆಯಲ್ಲೇ ಇತ್ತು. ಬಹಳ ಚೊಕ್ಕ ಅಕ್ಷರದಲ್ಲಿ ಬರೆದ: ತೂಕ 69 ಗ್ರಾಂ. ಅಗಲ 42 ಮಿಲಿಮೀಟರ್. ಎರಡೂ ಬದಿ ಗುಳಿ. ಎರಡೂ ಬದಿಯ ಚಿತ್ರಗಳ ತಲೆ ಒಂದೇ ದಿಕ್ಕಿಗೆ. ಕೊಂಡ ತಿಂಗಳು, ವರ್ಷ, ಹರಾಜಿನ ಸಂಖ್ಯೆ. ಹಿಂದಿನ ಒಡೆಯರು, ತಿಳಿದಷ್ಟು. ಸಿಕ್ಕಿದ ಸ್ಥಳ ಎಂದು ಬರೆದು, ಅದರ ಮುಂದೆ ಜಾಗ ಬಿಟ್ಟು, ಹಾಳೆಯನ್ನು ಮಡಚಿ ಪೆಟ್ಟಿಗೆಯ ಅಡಿಯಲ್ಲಿ ಇಟ್ಟುಕೊಂಡ.